ಪರೀಕ್ಷೆಯ ನಡುವಿನ ಭಾನುವಾರ

ಮಾರ್ಚ್ 3, 1894. ಶನಿವಾರ

ಫಿಲಡೆಲ್ಫಿಯಾ ಬಿಟ್ಟು ಮೂರನೆಯ ದಿನ ಇಲ್ಲಿಗೆ ಬಂದು ಮುಟ್ಟಿದೆ. ದಕ್ಷಿಣದ ಗಡಿ ದಾಟಿದ ಮೇಲೆ ನಮ್ಮ ಕರಿಯ ಜನಕ್ಕೆಂದೇ ಇರುವ ರೈಲು ಡಬ್ಬಿಗೆ ಕಳಿಸಿದರು. ಎಂಜಿನ್ನಿನ ಬೆನ್ನಿಗೇ ಇರುವ ಡಬ್ಬಿ, ಹೊಗೆಯೆಲ್ಲ ಒಳಗೇ. ಪುಸ್ತಕದ ಪೆಟ್ಟಿಗೆಯ ಮೇಲೆ ಕೂತು ಬಂದೆ. ಬಿಳಿ ಕಾಲರು ಕಪ್ಪಾಗಿದೆ, ಪುಸ್ತಕಗಳು ಹಾಗೇ ಇವೆ.

ಪಾದ್ರಿಯೊಬ್ಬರ ವಿಧವೆ ಅಲ್ಮೀಡಾ ಅಕ್ಕನ ಮನೆಯಲ್ಲಿ ಬಿಡಾರ. ಬಟ್ಟೆ ಹೊಲಿದು ಬದುಕುವ, ಮಾತು ಕಡಿಮೆಯ ಹೆಂಗಸು. ಸೋಮವಾರದಿಂದ ಹತ್ತು ದಿನ ಪರೀಕ್ಷೆ, ದಿನಕ್ಕೊಂದು ವಿಷಯ. ಈ ರಾಜ್ಯದಲ್ಲಿ ಇದುವರೆಗೆ ಯಾವ ಹೆಂಗಸಿಗೂ ವೈದ್ಯಕೀಯ ಪರವಾನಗಿ ಸಿಕ್ಕಿಲ್ಲ, ಬಿಳಿ ಹೆಂಗಸಿಗೂ ಸಿಕ್ಕಿಲ್ಲ. ಪಾಸಾದರೆ ಇಲ್ಲಿಂದ ಮೂವತ್ತು ಮೈಲಿ ದೂರದ ನಮ್ಮವರ ಶಾಲೆಯಲ್ಲಿ ಕೆಲಸ ಕಾದಿದೆ. ನಾನೂರು ಮಕ್ಕಳಿದ್ದಾರೆ, ಡಾಕ್ಟರಿಲ್ಲ. ಆ ಶಾಲೆಯ ಹೆಡ್ಮಾಸ್ತರರು ನನ್ನ ವಿಷಯವನ್ನು ಪತ್ರಿಕೆಗೆ ಬೇರೆ ಕೊಟ್ಟುಬಿಟ್ಟಿದ್ದಾರೆ. ಫೇಲಾದರೆ ಕೊರ್ನೀಲಿಯಾ ಬ್ಯಾಸ್ಕಂ ಎಂಬ ಒಬ್ಬಳು ಫೇಲಾದಳು ಎಂದು ಯಾರೂ ಬರೆಯುವುದಿಲ್ಲ. ಕರಿಯ ಹೆಂಗಸರ ತಲೆಗೆ ಇದು ಹತ್ತುವುದಿಲ್ಲ ಎಂದು ಬರೆಯುತ್ತಾರೆ.

ಸಂಜೆ ಜಗುಲಿಗೆ ಒಬ್ಬ ಮುದುಕಿ ಬಂದಳು. ಎಪ್ಪತ್ತು ದಾಟಿರಬೇಕು, ಬಾಯಲ್ಲಿ ಹೊಗೆಸೊಪ್ಪಿನ ಕೊಳವೆ. ಈ ಕೇರಿಯ ಸೂಲಗಿತ್ತಿಯಂತೆ. ಎಲ್ಲರೂ ಟೆಂಪಿ ದೊಡ್ಡಮ್ಮ ಎನ್ನುತ್ತಾರೆ. ಸುತ್ತ ಒಂದು ಸಲ ನೋಡಿ ಕೇಳಿದಳು:

"ಓದಿರೋ ಡಾಕ್ಟರಮ್ಮ ನೀನೇ ಏನು? ಎಷ್ಟು ಹೆರಿಗೆ ಮಾಡಿಸಿದ್ದೀಯ ಮಗಾ?"

"ಇಪ್ಪತ್ತಮೂರು. ಪ್ರೊಫೆಸರರ ಎದುರಿಗೆ."

"ಸರಿ ಬಿಡು, ಶುರುವಾಗಿದೆ," ಎಂದು ಹೊಗೆ ಬಿಟ್ಟಳು.

ಬೇನೆ ತಿನ್ನುವವಳ ಮಂಚದ ಕೆಳಗೆ ಕೊಡಲಿ ಇಡುತ್ತಾಳಂತೆ, ನೋವು ಕತ್ತರಿಸಿ ಹೋಗಲಿ ಎಂದು. ನಮ್ಮ ಬಾಣಂತಿಯರು ನೊಣಗಳಂತೆ ಸಾಯುವುದು ಇಂಥವರ ಕೊಳಕು ಕೈಗಳಿಂದ. ಪರವಾನಗಿ ಬಂದ ಮೇಲೆ ನನ್ನ ಮೊದಲ ಕೆಲಸ ಇವರನ್ನು ಮನೆಯಲ್ಲಿ ಕೂರಿಸುವುದು.

ಮಾರ್ಚ್ 5, ಸೋಮವಾರ

ರಸಾಯನಶಾಸ್ತ್ರ. ಒಂಬತ್ತು ಗಂಟೆ ಹೊತ್ತು ಬರೆದೆ. ಬಲಗೈಯ ಮೂರು ಬೆರಳು ಮರಗಟ್ಟಿವೆ.

ವೈದ್ಯಕೀಯ ಪರೀಕ್ಷಾ ಮಂಡಳಿಯ ಕಟ್ಟಡದ ಮುಂಬಾಗಿಲಲ್ಲಿ ಗುಮಾಸ್ತ ತಡೆದ. "ಒಗೆಯೋ ಬಟ್ಟೆ ಒಯ್ಯೋಕೆ ಬಂದವರು ಹಿಂದಿನಿಂದ ಬರಬೇಕು." ಪ್ರವೇಶಪತ್ರ ತೋರಿಸಿದೆ. ಎರಡು ಸಲ ಓದಿ, "ಇದಕ್ಕೂ ಹಿಂದಿನಿಂದಲೇ," ಎಂದ. ಹಿಂದಿನಿಂದ ಹೋದೆ.

ಇನ್ನಿಬ್ಬರು ಅಭ್ಯರ್ಥಿಗಳಿದ್ದಾರೆ, ಬಿಳಿಯರು, ಹುಡುಗುಮುಖದವರು. ಅವರಿಗೆ ದೊಡ್ಡ ಕೋಣೆ. ನನಗೆ ಪಕ್ಕದ ಸಣ್ಣ ಕೋಣೆ, ಬಾಗಿಲು ತೆರೆದೇ ಇರಬೇಕಂತೆ. ದಿನವಿಡೀ ಯಾರಾದರೊಬ್ಬರು ಬಂದು ಇಣುಕಿ ಹೋಗುತ್ತಿದ್ದರು. ಉತ್ತರದ ಹಾಳೆಯ ಮೇಲೆ ಹೆಸರಿಲ್ಲ, ಅಂಕಿ ಮಾತ್ರ. ನನ್ನ ಅಂಕಿ ಯಾವುದೆಂದು ಇಡೀ ಕಟ್ಟಡಕ್ಕೆ ಗೊತ್ತು.

ಶುರುವಿಗೆ ಮೊದಲು ಡಾಕ್ಟರ್ ಹಾರ್ಗ್ರೋವ್ ನಿಯಮ ಓದಿದರು. ಪರೀಕ್ಷಕರಲ್ಲಿ ಅವರೇ ಮುಖ್ಯಸ್ಥರು, ಹೆರಿಗೆಶಾಸ್ತ್ರ ಕಲಿಸುವವರು. "ಪರವಾನಗಿ ಇಲ್ಲದೆ ರೋಗಿಯ ಮೈ ಮುಟ್ಟಿದ ಅಭ್ಯರ್ಥಿಯ ಅರ್ಜಿ ರದ್ದು. ಮೇಲೆ ಕೋರ್ಟು." ಹುಡುಗರ ಮುಂದೆ ಅದನ್ನು ಹಾಳೆ ನೋಡಿಕೊಂಡು ಓದಿದರು. ನನ್ನ ಕೋಣೆಯಲ್ಲಿ ನನ್ನನ್ನು ನೋಡಿಕೊಂಡು ಹೇಳಿದರು.

ಮಾರ್ಚ್ 7, ಬುಧವಾರ

ಅಂಗರಚನೆ ಚೆನ್ನಾಗಿ ಬರೆದೆ. ಕತ್ತಿನ ರಕ್ತನಾಳಗಳ ಚಿತ್ರವನ್ನು ಕೇಳದಿದ್ದರೂ ಬಿಡಿಸಿದೆ.

ಮನೆಗೆ ಬಂದಾಗ ಜಗುಲಿಯ ಮೇಲೆ ಒಬ್ಬಾಕೆ ಮಗು ಎತ್ತಿಕೊಂಡು ಕೂತಿದ್ದಳು. ಮಗುವಿಗೆ ಕಿವಿ ಸೋರುತ್ತಿತ್ತು, ಜ್ವರ. "ಒಂದು ಸಲ ನೋಡಿ ಅಮ್ಮಾ, ಸಾಕು." ನಿಯಮ ಹೇಳಿದೆ. ಅವಳಿಗೆ ಅರ್ಥವಾಯಿತೋ ಇಲ್ಲವೋ, ಎದ್ದು ಹೋದಳು. ಅಲ್ಮೀಡಾ ಅಕ್ಕ ಜೋಳದ ರೊಟ್ಟಿ, ಸೊಪ್ಪು ಬಡಿಸಿ ಹೊಲಿಗೆಗೆ ಕೂತಳು, ನನ್ನ ಜೊತೆ ಉಣ್ಣಲಿಲ್ಲ.

ನಾನು ಮಾಡಿದ್ದು ಸರಿ. ಒಂದು ಕಿವಿಗಾಗಿ ನಾನೂರು ಮಕ್ಕಳನ್ನು ಬಿಡಲಿಕ್ಕಾಗುತ್ತದೆಯೇ.

ಮಾರ್ಚ್ 9, ಶುಕ್ರವಾರ

ಹುಡುಗರಲ್ಲಿ ಒಬ್ಬ ಎದ್ದು ಹೋದ, ಮತ್ತೆ ಬರುವುದಿಲ್ಲವಂತೆ. ನಾವಿಬ್ಬರೇ ಉಳಿದೆವು. ನಿದ್ದೆ ಸರಿಯಿಲ್ಲ.

ಮಾರ್ಚ್ 10, ಶನಿವಾರ

ಆರನೆಯ ದಿನ ಮುಗಿಯಿತು. ನಾಳೆ ರಜೆ. ಸೋಮವಾರ ಹೆರಿಗೆಶಾಸ್ತ್ರ, ಹಾರ್ಗ್ರೋವರ ಸ್ವಂತ ವಿಷಯ. ನಾಳೆ ಚರ್ಚಿಗೆ ಹೋಗಿ ಬಂದು, ಇಡೀ ದಿನ ಬಾಗಿಲು ಹಾಕಿಕೊಂಡು ಓದುತ್ತೇನೆ. ಅಕ್ಕನಿಗೂ ಹೇಳಿದ್ದೇನೆ.

ಮೂರು ಮನೆ ಆಚೆಗಿರುವ ರೊಸೆಟ್ಟಾಗೆ ಬೇನೆ ಶುರುವಾಗಿದೆಯಂತೆ. ಬಟ್ಟೆ ಒಗೆಯುವ ಹುಡುಗಿ, ಇದು ಚೊಚ್ಚಲು. ಟೆಂಪಿ ಮುದುಕಿ ಅಲ್ಲಿದ್ದಾಳೆ.

ಮಾರ್ಚ್ 11, ಭಾನುವಾರ

ಬರೆಯಲೇಬೇಕು.

ಚರ್ಚಿನಿಂದ ಬಂದು ಟೋಪಿ ತೆಗೆಯುತ್ತಿದ್ದೆ. ರೊಸೆಟ್ಟಾಳ ಗಂಡ ಐಸಂ ಮೆಟ್ಟಿಲ ಕೆಳಗೆ ನಿಂತಿದ್ದ. ಮೇಲೆ ಬರಲಿಲ್ಲ. ಹತ್ತಿ ಮೂಟೆ ಹೊರುವ ಎತ್ತರದ ಆಳು, ಎರಡೂ ಕೈಯಲ್ಲಿ ಹ್ಯಾಟು ಹಿಂಡುತ್ತಿದ್ದ.

"ಬೆಳಿಗ್ಗೆ ನೀರು ಒಡೀತು. ಆಮೇಲೆ ಮಗುವಿನ ಕೈ ಹೊರಗೆ ಬಂದಿದೆ. ಕೈ ಮಾತ್ರ. ಊರಿನ ಡಾಕ್ಟರ್ ಕ್ರೆನ್ಷಾ ಅವರ ಮನೆಗೆ ಎರಡು ಸಲ ಓಡಿದೆ. ಊಟ ಆದಮೇಲೆ ಬರ್ತೀನಿ ಅಂದರು. ಟೆಂಪಿ ದೊಡ್ಡಮ್ಮ ನಿಮ್ಮನ್ನ ಕರೀತಾ ಇದ್ದಾಳೆ. ಓದಿದ ಹುಡುಗೀನ ಕರಕೊಂಡು ಬಾ, ಇದಕ್ಕೆ ಎಳೇ ಕೈ ಬೇಕು ಅಂದಳು."

ಮಗು ಅಡ್ಡ ಬಿದ್ದಿದೆ. ಕೇಳಿದ ತಕ್ಷಣ ಪುಸ್ತಕದ ಆ ಪುಟ ಕಣ್ಣ ಮುಂದೆ ಬಂತು. ಗರ್ಭಕೋಶ ಬಿಗಿಯುವುದರೊಳಗೆ ತಿರುಗಿಸದಿದ್ದರೆ ತಾಯಿಯೂ ಉಳಿಯುವುದಿಲ್ಲ.

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಳು. "ನಾನು ಹೋಗು ಅಂತಾನೂ ಹೇಳಲ್ಲ, ಬೇಡ ಅಂತಾನೂ ಹೇಳಲ್ಲ. ಹೋದರೆ ನಿನ್ನ ಪರೀಕ್ಷೆ ಹೋಗುತ್ತೆ. ಅದನ್ನ ನಿನಗೆ ತಿರುಗಿ ಕೊಡೋ ಶಕ್ತಿ ಈ ಕೇರೀಲಿ ಯಾರಿಗೂ ಇಲ್ಲ."

ಧೈರ್ಯ ಮಾಡಿ ಹೊರಟೆ ಎಂದು ಬರೆಯಲು ಆಸೆ. ಹಾಗೇನೂ ಆಗಲಿಲ್ಲ. ಐಸಂನ ಹಿಂದೆ ಅರ್ಧ ದಾರಿ ನಡೆದ ಮೇಲೆ ಕೈಯಲ್ಲಿ ಔಷಧಿಯ ಚೀಲ ಇರುವುದು ಗೊತ್ತಾಯಿತು.

ಕೊಳಕು ಕೋಣೆಯೊಂದನ್ನು ನಿರೀಕ್ಷಿಸಿದ್ದೆ. ನೆಲ ಉಜ್ಜಿ ತೊಳೆದಿತ್ತು. ಕುದಿಸಿ ಒಣಗಿಸಿದ ಬಟ್ಟೆಗಳು ಹಾಳೆಯಲ್ಲಿ ಸುತ್ತಿ ಸಾಲಾಗಿ ಇದ್ದವು. ಟೆಂಪಿಯ ಉಗುರುಗಳು ನನ್ನವಕ್ಕಿಂತ ಗಿಡ್ಡ. ಮೊಳಕೈವರೆಗೆ ಬೂದಿಸೋಪಿನಲ್ಲಿ ತಿಕ್ಕಿ ಚರ್ಮ ಬೆಳ್ಳಗಾಗಿತ್ತು. ಕೊಡಲಿಯೂ ಮಂಚದ ಕೆಳಗೆ ಇತ್ತು.

"ನಾನು ಹೊರಗಿನಿಂದ ತಿರುಗಿಸೋಕೆ ನೋಡಿದೆ," ಎಂದಳು. "ಆಗಲಿಲ್ಲ. ಒಳಗೆ ಕೈ ಹಾಕಬೇಕು. ನನ್ನ ಬೆರಳಿನ ಗಂಟು ಊದಿದೆ, ಹಿಡಿತ ಇಲ್ಲ. ಬೇಗ ಕೈ ತೊಳಿ."

ರೊಸೆಟ್ಟಾ ನನ್ನನ್ನು ನೋಡಿದಳು. ಹತ್ತೊಂಬತ್ತಿರಬೇಕು. "ನಾನು ಸತ್ತರೆ ಮಗೂನ ನಮ್ಮಮ್ಮನಿಗೆ ಕೊಡಿ," ಎಂದಳು, ಬಟ್ಟೆ ಯಾರಿಗೆ ತಲುಪಿಸಬೇಕು ಎಂದು ಹೇಳುವ ಹಾಗೆ.

ಬಟ್ಟೆಯ ಮೇಲೆ ಕ್ಲೋರೋಫಾರ್ಮ್ ಹನಿಸಿ ಮೂಗಿನ ಹತ್ತಿರ ಹಿಡಿದೆ. ಪುಸ್ತಕದಲ್ಲಿ ಇದ್ದಂತೆ ಅಂಗಾತ ಮಲಗಿಸಿ ಕೈ ಹಾಕಿದೆ. ಗರ್ಭಕೋಶ ನನ್ನ ಮುಂಗೈಯನ್ನು ಕಬ್ಬಿಣದ ಬಳೆಯಂತೆ ಹಿಡಿಯಿತು. ಬೆರಳುಗಳು ಸತ್ತವು. ಹೊರಗೆ ತೆಗೆದು, ಕಾದು, ಮತ್ತೆ ಹಾಕಿದೆ. ಮಗುವಿನ ಭುಜ ಎಲುಬಿಗೆ ಒತ್ತಿಕೊಂಡಿತ್ತು, ಅದನ್ನು ದಾಟಲು ಜಾಗವೇ ಇರಲಿಲ್ಲ. ಮೂರನೆಯ ಸಲಕ್ಕೆ ನನಗೆ ಪುಸ್ತಕ ಮುಗಿದುಹೋಯಿತು. ಮುಂದಿನ ಪುಟದಲ್ಲಿ ಇದ್ದದ್ದು ಮಗುವನ್ನು ಒಳಗೇ ತುಂಡು ಮಾಡಿ ತೆಗೆಯುವ ವಿಧಾನ.

"ದೊಡ್ಡಮ್ಮಾ, ಆಗ್ತಾ ಇಲ್ಲ," ಎಂದೆ.

"ಆಗಲ್ಲ, ಹೀಗೆ ಮಲಗಿಸಿದರೆ ಹೇಗಾಗುತ್ತೆ. ಆ ಬಾಟಲಿ ತೆಗಿ ಆಚೆ. ಹುಡುಗಿಗೆ ಎಚ್ಚರ ಬರಲಿ. ಮಂಡಿ ಊರಿಸಿ ಬಗ್ಗಿಸೋಣ, ಎದೆ ಹಾಸಿಗೆಗೆ, ಸೊಂಟ ಮೇಲಕ್ಕೆ. ಮಗು ಹೊಟ್ಟೆ ಕಡೆ ಜಾರುತ್ತೆ, ಎಲುಬು ಬಿಡುತ್ತೆ. ಆಗ ನಿನಗೆ ದಾರಿ."

ಇಬ್ಬರು ಹೆಂಗಸರು ರೊಸೆಟ್ಟಾಳನ್ನು ಹಿಡಿದು ತಿರುಗಿಸಿದರು. ಟೆಂಪಿ ಅವಳ ಕಿವಿಯ ಹತ್ತಿರ ಬಾಯಿಟ್ಟು ಉಸಿರು ಎಣಿಸಿದಳು. ಒಂದು ಬೇನೆ ಬಂದು ಹೋಯಿತು. "ಈಗ," ಎಂದಳು. ಕೈ ಹಾಕಿದೆ. ಭುಜ ಸರಿದಿತ್ತು. ಜಾಗ ಇತ್ತು. ಒಂದು ಮಂಡಿ ಸಿಕ್ಕಿತು, ಅಲ್ಲಿಂದ ಹಿಮ್ಮಡಿ. ಅದನ್ನು ಎಳೆದಂತೆಲ್ಲ, ಹೊರಗಿದ್ದ ಆ ಸಣ್ಣ ಕೈ ತಾನಾಗಿ ಒಳಗೆ ಹೋಯಿತು.

ಹನ್ನೆರಡೂವರೆಗೆ ಹೆಣ್ಣುಮಗು ಹುಟ್ಟಿತು. ಒಂದು ತೋಳು ನೇರಳೆ ಬಣ್ಣ. ಅಳಲಿಲ್ಲ. ನಾನು ಬೆನ್ನು ತಟ್ಟಿದೆ, ತಣ್ಣೀರು ಚಿಮುಕಿಸಿದೆ. ಟೆಂಪಿ ನನ್ನ ಕೈಯಿಂದ ಮಗುವನ್ನು ಕಿತ್ತುಕೊಂಡು ಬಾಯಿಗೆ ಬಾಯಿಟ್ಟು, ಮೇಣದಬತ್ತಿ ಆರದ ಹಾಗೆ ಊದುವಂತೆ ಊದಿದಳು. ಆರು ಸಲ, ಏಳು ಸಲ. ಕೊನೆಗೆ ಮಗು ಬೈದ ಹಾಗೆ ಒಂದು ಸದ್ದು ಮಾಡಿತು.

ಮಾಸು ಪೂರ್ತಿ ಬಂತು. ರಕ್ತ ನಿಂತಿತು. ಅದಾದ ಮೇಲೆ ಟೆಂಪಿ ಕೋಣೆಯಲ್ಲಿದ್ದ ಎಲ್ಲರನ್ನೂ ಒಬ್ಬೊಬ್ಬರಾಗಿ ನೋಡಿ ಹೇಳಿದಳು. "ಈ ಹೆರಿಗೆ ಮಾಡಿಸಿದ್ದು ನಾನು. ಈ ಮನೆಗೆ ಇವತ್ತು ಬೇರೆ ಯಾರೂ ಬಂದಿಲ್ಲ. ಕೇಳಿಸ್ತಾ?" ಎಲ್ಲರೂ ತಲೆ ಆಡಿಸಿದರು. ಐಸಂನ ತಾಯಿ ಕಾಫಿ ತಂದಳು. ಓದಬೇಕು ಎಂದು ಹೇಳಿ ಕುಡಿಯದೇ ಬಂದೆ.

ಒಂದು ಸಾಲೂ ಓದಲಿಲ್ಲ.

ಮಾರ್ಚ್ 12, ಸೋಮವಾರ

ನಾಲ್ಕನೆಯ ಪ್ರಶ್ನೆ, ಅಡ್ಡ ಬಿದ್ದ ಮಗು. ಬಂದೇ ಬರುವ ಪ್ರಶ್ನೆ, ಪ್ರತಿ ವರ್ಷ ಇರುತ್ತದೆ. ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದು ಮುಂದೆ ಹೋದೆ. ಹತ್ತನೆಯದು ಮುಗಿಸಿದ ಮೇಲೆ ಇಪ್ಪತ್ತು ನಿಮಿಷ ಉಳಿದಿತ್ತು. ಹಿಂದಕ್ಕೆ ತಿರುವಿ ನಾಲ್ಕರ ಕೆಳಗೆ ಬರೆದೆ: "ಇದು ಫಲಿಸದಿದ್ದರೆ ತಾಯಿಯನ್ನು ಮಂಡಿ ಊರಿಸಿ, ಎದೆ ಕೆಳಗಾಗಿ ಬಗ್ಗಿಸಿದಲ್ಲಿ ಭುಜ ಎಲುಬಿನಿಂದ ಬಿಡುವುದು ಕಂಡುಬಂದಿದೆ."

ಯಾಕೆ ಬರೆದೆನೋ ಗೊತ್ತಿಲ್ಲ. ಯಾರಿಗೆ ಕಂಡುಬಂದಿದೆ ಎಂದು ಕೇಳಿದರೆ ಏನು ಹೇಳುವುದು. ಹಾಳೆ ಕೊಟ್ಟಾಯಿತು.

ಮಾರ್ಚ್ 13, ಮಂಗಳವಾರ

ಹಾರ್ಗ್ರೋವ್ ಬಾಗಿಲಲ್ಲಿ ನಿಂತರು. "ಭಾನುವಾರ ಎಲ್ಲಿದ್ದೆ, ಕೊರ್ನೀಲಿಯಾ?"

"ಚರ್ಚಿನಲ್ಲಿ, ಸರ್."

"ಆಮೇಲೆ?"

"ಬಿಡಾರದಲ್ಲಿ." ಬಾಯಿಂದ ಬಂದುಹೋಯಿತು.

ಅವರು ತಿರುಗಿ ಹೋದರು. ಸಂಜೆ ಅಕ್ಕ ತಂದ ಸುದ್ದಿ ಇದು. ಡಾಕ್ಟರ್ ಕ್ರೆನ್ಷಾ ಭಾನುವಾರ ನಾಲ್ಕು ಗಂಟೆಗೆ ರೊಸೆಟ್ಟಾಳ ಮನೆಗೆ ಬಂದಿದ್ದಾರೆ. ತಾಯಿ ಮಗು ಇಬ್ಬರೂ ಮಲಗಿ ನಿದ್ದೆ ಮಾಡುತ್ತಿದ್ದರು. ಮಗುವಿನ ತೋಳು ನೋಡಿದ್ದಾರೆ, ಕೋಣೆಯಲ್ಲಿ ಕ್ಲೋರೋಫಾರ್ಮ್ ವಾಸನೆ ಹಿಡಿದಿದ್ದಾರೆ, ನೇರ ಹೋಗಿ ಮಂಡಳಿಗೆ ಹೇಳಿದ್ದಾರೆ. ನಾಳೆ ಮಧ್ಯಾಹ್ನ ಟೆಂಪಿಯನ್ನು ವಿಚಾರಣೆಗೆ ಕರೆದಿದ್ದಾರೆ. ಸೂಲಗಿತ್ತಿಯರು ಕ್ಲೋರೋಫಾರ್ಮ್ ಮುಟ್ಟಿದರೆ ಜೈಲು.

ಕಾನೂನಿನ ಅಚ್ಚಾದ ಪ್ರತಿ ನನ್ನ ಹತ್ತಿರ ಇದೆ. ಮೊದಲಿನಿಂದ ಕೊನೆಯವರೆಗೆ ಓದಿದೆ. ಹಾರ್ಗ್ರೋವ್ ಓದದೇ ಬಿಟ್ಟ ಒಂದು ಸಾಲು ಹನ್ನೊಂದನೆಯ ಕಲಮಿನಲ್ಲಿದೆ. ಜೀವಾಪಾಯದ ಹೊತ್ತಿನಲ್ಲಿ, ಪರವಾನಗಿಯ ವೈದ್ಯರು ಸಿಗದಿದ್ದಾಗ, ಏನೂ ಪಡೆಯದೆ ಮಾಡಿದ ಸಹಾಯ ಅಪರಾಧವಲ್ಲ. ಆದರೆ ಕ್ರೆನ್ಷಾ ಬರುತ್ತೇನೆ ಎಂದಿದ್ದರಲ್ಲ. ಅದು 'ಸಿಗದಿದ್ದಾಗ' ಎಂದಾಗುತ್ತದೆಯೇ? ಮಂಡಳಿಯ ಐವರು ಡಾಕ್ಟರರು ಬೇಕಾದ ಹಾಗೆ ಓದಿಕೊಳ್ಳಬಹುದು.

ಟೆಂಪಿಯ ಮನೆಗೆ ಹೋದೆ. ಮಾತು ಮುಗಿಸಲು ಬಿಡಲಿಲ್ಲ. "ನನ್ನನ್ನ ಜೈಲಿಗೆ ಹಾಕಿದರೆ ನಾನು ಅಲ್ಲೂ ಯಾವಳಿಗಾದರೂ ಹೆರಿಗೆ ಮಾಡಿಸ್ತೀನಿ. ನಿನ್ನನ್ನ ಹಾಕಿದರೆ ಇನ್ನೊಬ್ಬಳು ನಿನ್ನಂಥವಳು ಬರೋಕೆ ಎಷ್ಟು ವರ್ಷ ಬೇಕು ಲೆಕ್ಕ ಹಾಕು. ಹೋಗಿ ಓದಿಕೋ. ನಾಳೆ ಏನು ಪರೀಕ್ಷೆ?"

"ಶಸ್ತ್ರಚಿಕಿತ್ಸೆ."

"ಹಾಂ. ಅದನ್ನ ಓದು."

ಮಾರ್ಚ್ 14, ಬುಧವಾರ

ವಿಚಾರಣೆ ನನ್ನ ಇನ್ನೊಂದು ಪಕ್ಕದ ಕೋಣೆಯಲ್ಲೇ ನಡೆಯಿತು. ನನ್ನ ಬಾಗಿಲು ತೆರೆದಿತ್ತು, ಅವರದ್ದೂ ತೆರೆದಿತ್ತು. ಬೇಕೆಂದೇ ಹಾಗೆ ಮಾಡಿರಬೇಕು.

ಟೆಂಪಿ ಚರ್ಚಿನ ಟೋಪಿ ಹಾಕಿಕೊಂಡು ಬಂದಿದ್ದಳು. ಕುರ್ಚಿ ಕೊಡಲಿಲ್ಲ. ಪರೀಕ್ಷಕರಲ್ಲಿ ಎಲ್ಲರಿಗಿಂತ ಹಿರಿಯರು, ಕಿವಿ ಮಂದವಾದ ಒಬ್ಬರು, ಜೋರಾಗಿ ಕೇಳಿದರು: "ಇದುವರೆಗೆ ಎಷ್ಟು ಹೆರಿಗೆ ಮಾಡಿಸಿದ್ದೀ?"

"ಎಣಿಸೋಕೆ ಬರಲ್ಲ ಸ್ವಾಮಿ. ಈ ಕೋಣೇಲಿ ಕೂತವರಲ್ಲಿ ಒಬ್ಬರದ್ದು ಮಾಡಿಸಿದ್ದೀನಿ. ಯಾರದ್ದು ಅಂತ ಹೇಳೋದು ಮರ್ಯಾದೆ ಅಲ್ಲ."

ಆಮೇಲೆ ಹಾರ್ಗ್ರೋವರ ದನಿ.

"ಭಾನುವಾರ ಮಗುವನ್ನು ತಿರುಗಿಸಿದವರು ಯಾರು?"

"ನಾನು."

"ಕೈ ತೋರಿಸು." ಟೆಂಪಿ ಕೈ ಚಾಚಿರಬೇಕು. "ಈ ಬೆರಳುಗಳಿಂದ?"

"ದೇವರು ದೊಡ್ಡವನು, ಸ್ವಾಮಿ."

"ಕ್ಲೋರೋಫಾರ್ಮ್ ಎಲ್ಲಿಂದ ಬಂತು?"

"ಮನೇಲಿ ಒಂದು ಬಾಟಲಿ ಇತ್ತು. ಏನೋ ಗೊತ್ತಿಲ್ಲ, ಹನಿಸಿದೆ."

"ಏನಂತ ಗೊತ್ತಿಲ್ಲದೆ ಹನಿಸಿದೆ. ಹಾಗಂತ ಬರೆದುಕೊಳ್ಳಲೇ? ಇದಕ್ಕೆ ಎರಡು ವರ್ಷ ಆಗಬಹುದು."

"ಬರಕೊಳ್ಳಿ."

ಲೇಖನಿಯ ಸದ್ದು ನನಗೆ ಕೇಳಿಸಿತು. ನಾನು ತೊಡೆಯ ಎಲುಬು ಕತ್ತರಿಸುವ ವಿಧಾನದ ಮೂರನೆಯ ಹಂತ ಬರೆಯುತ್ತಿದ್ದೆ. ವಾಕ್ಯ ಅರ್ಧಕ್ಕೆ ನಿಂತಿತು. ಎದ್ದು ಆ ಬಾಗಿಲಿಗೆ ಹೋದೆ.

"ಬಾಟಲಿ ನನ್ನದು, ಸರ್. ತಿರುಗಿಸಿದವಳೂ ನಾನೇ. ನಿನ್ನೆ ನಾನು ಹೇಳಿದ್ದು ಸುಳ್ಳು."

ಟೆಂಪಿ ತಿರುಗಿ ನನ್ನನ್ನು ಕೆಂಗಣ್ಣಿನಿಂದ ನೋಡಿದಳು. "ಈ ಹುಡುಗಿಗೆ ಓದಿ ಓದಿ ತಲೆ ಕೆಟ್ಟಿದೆ ಸ್ವಾಮಿ, ಇವಳ ಮಾತು ಕೇಳಬೇಡಿ."

"ಸುಮ್ಮನಿರು," ಎಂದರು ಹಾರ್ಗ್ರೋವ್. ನನ್ನ ಕಡೆ ನೋಡಿ, "ನಿಯಮ ಗೊತ್ತಿತ್ತು," ಎಂದರು.

"ಗೊತ್ತಿತ್ತು. ಹನ್ನೊಂದನೆಯ ಕಲಮೂ ಈಗ ಗೊತ್ತು."

"ಡಾಕ್ಟರ್ ಕ್ರೆನ್ಷಾ ಬರುವುದಾಗಿ ಹೇಳಿದ್ದರು."

"ಹೌದು ಸರ್. ನಾಲ್ಕು ಗಂಟೆಗೆ ಬಂದರು. ಮಗು ಹುಟ್ಟಿದ್ದು ಹನ್ನೆರಡೂವರೆಗೆ."

"ಏನಾದರೂ ಪಡೆದೆಯಾ?"

ನಾನು ಬಾಯಿ ತೆರೆಯುವ ಮೊದಲೇ ಟೆಂಪಿ ಹೇಳಿದಳು. "ಕಾಫಿ ಕೊಟ್ಟರೆ ಕುಡೀದೇ ಓಡಿದಳು. ರೊಸೆಟ್ಟಾಳ ಅತ್ತೆಗೆ ಇನ್ನೂ ಸಿಟ್ಟಿದೆ."

ಕಿವಿ ಮಂದವಾದ ಹಿರಿಯರು ಕೈಯನ್ನು ಕಿವಿಗೆ ಹಿಡಿದು ಹಾರ್ಗ್ರೋವರ ಕಡೆ ಬಾಗಿದರು. "ನೀವು ಇದನ್ನು ಕಲಿಸುವವರು. ನಾಲ್ಕು ಗಂಟೆವರೆಗೆ ಕಾದಿದ್ದರೆ ಏನಾಗುತ್ತಿತ್ತು?"

ಹಾರ್ಗ್ರೋವರಿಗೆ ಆ ಮಾತು ಹೇಳಲು ಇಷ್ಟವಿರಲಿಲ್ಲ. ಆದರೆ ವಿಷಯ ಅವರದ್ದು. "ಇಬ್ಬರೂ ಉಳಿಯುತ್ತಿರಲಿಲ್ಲ," ಎಂದರು.

ಆಮೇಲೆ ನನಗೆ, "ನಿನ್ನ ಉತ್ತರ ಅರ್ಧಕ್ಕೆ ಬಿಟ್ಟು ಬಂದಿದ್ದೀ. ಹೋದ ಹೊತ್ತು ಹೋಯಿತು, ಹೆಚ್ಚಿಗೆ ಕೊಡುವುದಿಲ್ಲ. ತೀರ್ಮಾನ ಪರೀಕ್ಷೆ ಮುಗಿದ ಮೇಲೆ."

ಮರಳಿ ಕೂತು ತೊಡೆಯ ಎಲುಬು ಕತ್ತರಿಸಿದೆ. ಎರಡು ಪ್ರಶ್ನೆ ಬಿಟ್ಟುಹೋಯಿತು.

ಹೊರಗೆ ಟೆಂಪಿ ಕಾದಿದ್ದಳು. ಮನೆ ಮುಟ್ಟುವವರೆಗೂ ಬೈದಳು. ನನ್ನ ತೋಳು ಮಾತ್ರ ಬಿಡಲಿಲ್ಲ, ಮೊಣಕಾಲು ನೋವಂತೆ.

ಮಾರ್ಚ್ 15, ಗುರುವಾರ

ಮುಗಿಯಿತು.

ಮಾರ್ಚ್ 19, ಸೋಮವಾರ

ಸುದ್ದಿಯಿಲ್ಲ. ಹೆಡ್ಮಾಸ್ತರರಿಂದ ಪತ್ರ ಬಂದಿದೆ, "ಏನಾಯಿತು?" ಎಂದು ಒಂದೇ ಸಾಲು. ಉತ್ತರ ಬರೆಯಲಿಲ್ಲ.

ಸುಮ್ಮನೆ ಕೂರಲಾರದೆ ದೊಡ್ಡಮ್ಮನ ಜೊತೆ ಓಡಾಡುತ್ತೇನೆ. ಮುಟ್ಟುವುದಿಲ್ಲ, ನೋಡುತ್ತೇನೆ ಅಷ್ಟೆ. ಅವಳು ಹೊಟ್ಟೆಯ ಮೇಲೆ ಅಂಗೈ ಇಟ್ಟು ಮಗುವಿನ ತಲೆ ಎಲ್ಲಿದೆ ಎಂದು ಹೇಳುತ್ತಾಳೆ. ಈ ಮೂರು ದಿನದಲ್ಲಿ ಒಮ್ಮೆಯೂ ತಪ್ಪಲಿಲ್ಲ. ಹೇಗೆ ಎಂದು ಕೇಳಿದರೆ, "ತಲೆ ಗಟ್ಟಿ, ತಿಕ ಮೆತ್ತಗೆ, ಇದಕ್ಕೂ ಪುಸ್ತಕ ಬೇಕಾ?" ಎನ್ನುತ್ತಾಳೆ. ಹಾಳೆಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೇನೆ. ಹನ್ನೊಂದು ಪುಟ ಆಗಿದೆ.

ಕಿವಿ ಸೋರುತ್ತಿದ್ದ ಮಗುವಿನ ಮನೆಗೂ ಹೋದೆವು. ವಾಸಿಯಾಗಿದೆ. ದೊಡ್ಡಮ್ಮ ಬೆಚ್ಚನೆಯ ಎಣ್ಣೆ ಹಾಕಿದ್ದಳಂತೆ. ಅದರ ತಾಯಿ ನನಗೆ ಕೂರಲು ಮಣೆ ಕೊಟ್ಟಳು. ಏನಾದರೂ ಹೇಳಬೇಕು ಅನ್ನಿಸಿತು. "ಅವತ್ತು ನೋಡಬೇಕಿತ್ತು, ತಪ್ಪಾಯಿತು," ಎಂದೆ. "ಅಯ್ಯೋ ಬಿಡಿ," ಎಂದಳು, ಆದರೆ ಬಿಟ್ಟ ಹಾಗೆ ಕಾಣಲಿಲ್ಲ.

ಮಾರ್ಚ್ 24, ಶನಿವಾರ

ಮಂಡಳಿಯ ಪತ್ರ ಬಂತು. ಅಕ್ಕನ ಕೈಗೆ ಕೊಟ್ಟೆ, ನನಗೆ ಒಡೆಯಲು ಆಗಲಿಲ್ಲ. ಅವಳು ಕತ್ತರಿಯಿಂದ ಅಂಚು ಕತ್ತರಿಸಿ, ನಿಧಾನವಾಗಿ, ಬೈಬಲ್ ಓದುವ ದನಿಯಲ್ಲಿ ಓದಿದಳು. ಸರಾಸರಿ ಎಪ್ಪತ್ತೇಳು. ಶಸ್ತ್ರಚಿಕಿತ್ಸೆಯಲ್ಲಿ ಐವತ್ತಾರು, ಹೆರಿಗೆಶಾಸ್ತ್ರದಲ್ಲಿ ತೊಂಬತ್ತನಾಲ್ಕು. ಭಾನುವಾರದ ವಿಷಯ: ಮಂಡಳಿ ಹನ್ನೊಂದನೆಯ ಕಲಮಿನಡಿ ಯಾವ ಕ್ರಮವನ್ನೂ ಕೈಗೊಳ್ಳುವುದಿಲ್ಲ, ಇಬ್ಬರ ಮೇಲೂ. ಪರವಾನಗಿ ಲಗತ್ತಿಸಿದೆ.

ಅಕ್ಕ ಪತ್ರ ಮಡಚಿ ಇಟ್ಟು, ಹೊಲಿಗೆ ಯಂತ್ರದ ಮುಂದೆ ಕೂತು, ಹೊಲಿಯದೆ ಅತ್ತಳು. ನಾನು ಅಳಲಿಲ್ಲ. ಮನೆಯಲ್ಲಿ ಇದ್ದ ಬೆಣ್ಣೆಯೆಲ್ಲ ಹಾಕಿ ರೊಟ್ಟಿ ತಿಂದೆ.

ಮಾರ್ಚ್ 26, ಸೋಮವಾರ

ನಾಳೆ ಹೊರಡಬೇಕಿತ್ತು. ಆದರೆ ಗುರುವಾರದ ಹೊತ್ತಿಗೆ ದೊಡ್ಡಮ್ಮನಿಗೆ ಅವಳಿ ಹೆರಿಗೆಯೊಂದು ಇದೆ, ಬಾ ಎಂದಿದ್ದಾಳೆ. ಹೆಡ್ಮಾಸ್ತರರಿಗೆ ಶನಿವಾರ ಬರುತ್ತೇನೆ ಎಂದು ಬರೆದೆ.

ಈ ದಿನ ಐಸಂ ಜೊತೆ ಜನನ ನೋಂದಣಿ ಕಚೇರಿಗೆ ಹೋಗಿದ್ದೆ. ಡಾಕ್ಟರರ ರುಜು ಇದ್ದರೆ ಮಾತ್ರ ನಮ್ಮ ಕೇರಿಯ ಮಕ್ಕಳನ್ನು ಬರೆದುಕೊಳ್ಳುತ್ತಾರೆ. ಅದಕ್ಕೇ ಇದುವರೆಗೆ ಯಾರನ್ನೂ ಬರೆದುಕೊಂಡಿಲ್ಲ. ದೊಡ್ಡಮ್ಮನನ್ನೂ ಕರೆದುಕೊಂಡು ಹೋದೆ. ಫಾರಂನಲ್ಲಿ ಹೆರಿಗೆ ಮಾಡಿಸಿದವರ ಪೂರ್ತಿ ಹೆಸರು ಬೇಕು.

"ಟೆಂಪರೆನ್ಸ್ ಅಂತ ಬರಿ," ಎಂದಳು.

"ಅದರ ಮುಂದೆ?"

"ಯಾರದ್ದು ಹಾಕಲಿ? ಗುಲಾಮಗಿರಿ ಕಾಲದಲ್ಲಿ ನನ್ನನ್ನ ಮೂರು ಸಲ ಮಾರಿದರು. ಮೂವರು ಧಣಿಗಳ ಹೆಸರೂ ಇತ್ತು, ಒಂದೊಂದು ಕಾಲಕ್ಕೆ." ಯೋಚಿಸಿದಳು. "ನಮ್ಮಮ್ಮನ ಹೆಸರು ಡೈನಾ. ಸೂಲಗಿತ್ತೀನೇ ಅವಳೂ. ಅದನ್ನ ಹಾಕು."

ಟೆಂಪರೆನ್ಸ್ ಡೈನಾ ಎಂದು ಬರೆದೆ. ಕೆಳಗಿನ ಗೆರೆಯ ಮೇಲೆ ನನ್ನ ಹೆಸರು, ಪರವಾನಗಿಯ ಸಂಖ್ಯೆ ಬರೆದು ರುಜು ಮಾಡಿದೆ.

ಗುಮಾಸ್ತ ಫಾರಂ ತಿರುಗಿಸಿ ನೋಡಿದ. "ಇದು ತಪ್ಪಾಗಿದೆ. ಡಾಕ್ಟರ್ ಹೆಸರು ಸಹಾಯಕಿ ಅನ್ನೋ ಗೆರೆ ಮೇಲೆ ಬಂದಿದೆ."

"ತಪ್ಪಾಗಿಲ್ಲ," ಎಂದೆ. "ಅವತ್ತು ಇದ್ದದ್ದು ಹಾಗೇ."

ಅವನು ಹೆಗಲು ಕುಣಿಸಿ ಮೊಹರು ಒತ್ತಿದ.